ಡಾಕ್ಟರಿಗೆ ಹೇಳದ್ದನ್ನು ಫೋನಿಗೆ ಹೇಳಬಹುದೇ?



ಈ ಸರಣಿಯಲ್ಲಿ ಇದುವರೆಗೆ ಬಿ.ಪಿ., ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲ ಬಂದಿವೆ. ಒಂದು ವಿಷಯವನ್ನು ಮಾತ್ರ ಯಾರೂ ಗ್ರೂಪಿನಲ್ಲಿ ಕೇಳುವುದಿಲ್ಲ, ನನಗೆ ಬೇರೆಯಾಗಿ ಮೆಸೇಜ್ ಮಾಡಿ ಕೇಳುತ್ತಾರೆ. ಅದೂ ನೇರವಾಗಿ ಅಲ್ಲ. "ನಮ್ಮ ಪಕ್ಕದ ಮನೆಯವರಿಗೆ ಒಂದು ತೊಂದರೆ ಇದೆಯಂತೆ" ಎಂದು ಶುರುವಾಗುತ್ತದೆ. ಸೀನಿದರೆ, ಕೆಮ್ಮಿದರೆ ಬಟ್ಟೆ ಒದ್ದೆಯಾಗುತ್ತದೆ. ಬಾತ್‌ರೂಮಿನ ಚಿಲಕ ತೆಗೆಯುವಷ್ಟರಲ್ಲಿ ಆಗಿಬಿಡುತ್ತದೆ. ರಾತ್ರಿ ನಾಲ್ಕೈದು ಸಲ ಏಳಬೇಕು. ಅಪ್ಪ ಒಂದಕ್ಕೆ ಹೋದರೆ ಹತ್ತು ನಿಮಿಷವಾದರೂ ಹೊರಗೆ ಬರುವುದಿಲ್ಲ. ಹೌದು, ಇವತ್ತಿನ ವಿಷಯ ಮೂತ್ರದ್ದೇ. ಮುಖ ಸಿಂಡರಿಸಿ ಮುಂದೆ ಹೋಗಬೇಡಿ, ಪೂರ್ತಿ ಓದಿ.

ಇತ್ತೀಚೆಗೆ ಈ ಮೆಸೇಜುಗಳಿಗೆ ಇನ್ನೊಂದು ಸಾಲು ಸೇರಿಕೊಂಡಿದೆ: "ಚಾಟ್‌ಜಿಪಿಟಿಯನ್ನು ಕೇಳಿದೆ ಸಿಸ್ಟರ್, ಅದು ಹೀಗೆ ಹೇಳಿತು, ನಂಬಬಹುದಾ?" ಮೂವತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡಿದವಳಾಗಿ ನಾನು ಬೇಡ ಅನ್ನುತ್ತೇನೆ ಎಂದೇ ಎಲ್ಲರ ಲೆಕ್ಕ. ನನ್ನ ಅಭಿಪ್ರಾಯ ಹಾಗಿಲ್ಲ. ಊರು ಬಿಟ್ಟು ಬಂದ ನಮ್ಮಂಥ ಮನೆಗಳಲ್ಲಿ, ಈ ಒಂದು ತೊಂದರೆಯ ಮಟ್ಟಿಗೆ, ಫೋನಿನ ಚಾಟ್ ಸಹಾಯಕ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಡಾಕ್ಟರ್ ಕೆಲಸಕ್ಕಲ್ಲ. ಲೆಕ್ಕ ಬರೆಯುವ ಗುಮಾಸ್ತನ ಕೆಲಸಕ್ಕೆ, ದುಭಾಷಿ ಕೆಲಸಕ್ಕೆ.

ಯಾಕೆ ಎಂದು ತಿಳಿಯಬೇಕಾದರೆ ನಮ್ಮವರು ಕ್ಲಿನಿಕ್ಕಿಗೆ ಹೋದಾಗ ಏನಾಗುತ್ತದೆ ನೋಡಿ. ಊರಿನಿಂದ ಮಗನ ಮನೆಗೆ ಬಂದ ತಾಯಿ. ಮುಂಬಯಿಯಾದರೆ ಡಾಕ್ಟರ್ ಮರಾಠಿ ಅಥವಾ ಹಿಂದಿ, ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು. ಮಧ್ಯದಲ್ಲಿ ಕೂತು ಹೇಳುವವನು ಮಗ. "ಮಾಜೀ, ಕ್ಯಾ ತಕ್ಲೀಫ್ ಹೈ?" ಎಂದು ಡಾಕ್ಟರ್ ಕೇಳುತ್ತಾರೆ. "ಏನಾಗ್ತದಂತ ಹೇಳವ್ವಾ" ಎನ್ನುತ್ತಾನೆ ಮಗ. ಹೆತ್ತ ಮಗನ ಎದುರಿಗೆ ಸೀರೆ ಒದ್ದೆಯಾಗುವ ಮಾತನ್ನು ಯಾವ ತಾಯಿ ಆಡುತ್ತಾಳೆ? "ಏನಿಲ್ಲಪ್ಪಾ, ಒಂದೀಟು ನಿಶ್ಶಕ್ತಿ" ಎನ್ನುತ್ತಾಳೆ. ಮಗ ಅದನ್ನು "ವೀಕ್‌ನೆಸ್" ಎಂದು ಅನುವಾದಿಸುತ್ತಾನೆ. ಡಾಕ್ಟರ್ ಟಾನಿಕ್ ಬರೆಯುತ್ತಾರೆ. ಮನೆಗೆ ಬಂದ ಮೇಲೆ ಆಕೆ ಹಳೆಯ ಸೀರೆ ಹರಿದು ಬಟ್ಟೆ ಮಾಡಿಕೊಳ್ಳುತ್ತಾಳೆ, ಮದುವೆ ಮುಂಜಿಗೆ ಹೋಗುವುದನ್ನು ಬಿಡುತ್ತಾಳೆ, ಊರಿಗೆ ಹೋಗುವ ರಾತ್ರಿ ಬಸ್ಸು ಎಂದರೆ ಹೆದರುತ್ತಾಳೆ. ಮನೆಯವರು "ಅಮ್ಮನಿಗೆ ಈಗೀಗ ಎಲ್ಲಿಗೂ ಬರೋ ಮನಸ್ಸೇ ಇಲ್ಲ" ಎಂದುಕೊಳ್ಳುತ್ತಾರೆ.

ಈ ಜಾಗದಲ್ಲಿ ಯಂತ್ರಕ್ಕೆ ಒಂದು ಅನುಕೂಲ ಇದೆ. ಅದಕ್ಕೆ ನಾಚಿಕೆ ಇಲ್ಲ, ಅದರ ಮುಂದೆ ನಮಗೂ ನಾಚಿಕೆ ಆಗುವುದಿಲ್ಲ. ಇದು ಹೊಸ ಸಂಗತಿಯೂ ಅಲ್ಲ. 1966ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬವರು ಎಲೈಜಾ ಎಂಬ ಮಾತಾಡುವ ಪ್ರೋಗ್ರಾಂ ಮಾಡಿದರು. ಅದಕ್ಕೆ ಬುದ್ಧಿ ಏನೂ ಇರಲಿಲ್ಲ, ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು ಅಷ್ಟೆ. ಅದು ಹೇಗೆ ತಯಾರಾಯಿತು ಎಂದು ಕಣ್ಣಾರೆ ನೋಡಿದ್ದ ಅವರ ಸೆಕ್ರೆಟರಿಯೇ ಅದರೊಂದಿಗೆ ಮಾತಿಗೆ ಕೂತಾಗ, ಸ್ವಲ್ಪ ಹೊತ್ತಿಗೆ, "ನೀವು ಹೊರಗೆ ಹೋಗ್ತೀರಾ" ಎಂದು ಅವರನ್ನು ಕೇಳಿದರಂತೆ. ವೈಜೆನ್‌ಬಾಮ್ ಇದರಿಂದ ಗಾಬರಿಯಾಗಿ ಆಮೇಲೆ ಇಡೀ ಪುಸ್ತಕವನ್ನೇ ಬರೆದರು. ಅವರ ಗಾಬರಿ ಸರಿಯೇ. ಆದರೂ, ಹತ್ತು ವರ್ಷ ಬಾಯಿ ಬಿಡದ ಹೆಂಗಸು ಮೊದಲ ಸಲ ಒಂದು ಯಂತ್ರಕ್ಕಾದರೂ ಹೇಳಿದಳು ಎಂದರೆ, ಅಷ್ಟರ ಮಟ್ಟಿಗೆ ನನಗೆ ಸಮಾಧಾನ.

ಈಗ ಉಪಯೋಗದ ಮಾತಿಗೆ ಬರೋಣ. ಮೂತ್ರದ ತೊಂದರೆ ಇಟ್ಟುಕೊಂಡು ಹೋದವರಿಗೆ ಒಳ್ಳೆಯ ಡಾಕ್ಟರ್ ಮೊದಲು ಕೇಳುವುದು ಸ್ಕ್ಯಾನ್ ಅಲ್ಲ, ಲೆಕ್ಕ. ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ, ಪ್ರತಿ ಸಲ ಎಷ್ಟು, ಏನು ಕುಡಿದಿರಿ, ಸೋರಿತೇ, ಸೋರಿದಾಗ ಏನು ಮಾಡುತ್ತಿದ್ದಿರಿ. ಕನಿಷ್ಠ ಮೂರು ದಿನದ ಲೆಕ್ಕ ಬೇಕು. ಬ್ಲ್ಯಾಡರ್ ಡೈರಿ ಎನ್ನುತ್ತಾರೆ. ನಮ್ಮಲ್ಲಿ ಇದನ್ನು ಬರೆದುಕೊಂಡು ಹೋಗುವವರು ನೂರಕ್ಕೆ ಒಬ್ಬರೂ ಸಿಗುವುದು ಕಷ್ಟ. ಕೇಳಿದರೆ "ತುಂಬಾ ಸಲ ಹೋಗ್ತೀನಿ" ಎನ್ನುತ್ತಾರೆ. ತುಂಬಾ ಎಂದರೆ ಎಂಟೋ, ಹದಿನೆಂಟೋ?

ಈ ಬರೆಯುವ ಕೆಲಸವನ್ನು ಚಾಟ್ ಸಹಾಯಕ ಚೆನ್ನಾಗಿ ಮಾಡುತ್ತದೆ. ಅಳತೆಯ ಗೆರೆ ಇರುವ ಹಳೆಯ ಪ್ಲಾಸ್ಟಿಕ್ ಜಗ್ಗೊಂದನ್ನು ಬಾತ್‌ರೂಮಿನಲ್ಲಿ ಇಡಿ, ಅದು ಬೇರೆ ಯಾವುದಕ್ಕೂ ಬೇಡ. ಹೋಗಿ ಬಂದ ಮೇಲೆ ಫೋನಿನ ಮೈಕ್ ಒತ್ತಿ "ಬೆಳಿಗ್ಗೆ ಆರೂವರೆ, ಮುನ್ನೂರು, ಸೋರಿಲ್ಲ. ಆರೂಮುಕ್ಕಾಲಿಗೆ ಒಂದು ಲೋಟ ಕಾಫಿ" ಎಂದರೆ ಸಾಕು. ಓದು ಬರಹ ಕಡಿಮೆ ಇದ್ದವರಿಗೂ ಆಗುತ್ತದೆ. ಮೂರು ದಿನ ಒಂದೇ ಚಾಟಿನಲ್ಲಿ ಹೇಳುತ್ತಾ ಹೋಗಿ. ದಿನಕ್ಕೊಂದು ಹೊಸ ಚಾಟ್ ತೆರೆದರೆ ಹಿಂದಿನದು ಬಿಟ್ಟುಹೋಗಬಹುದು. ಕೊನೆಗೆ ಪಟ್ಟಿ ಮಾಡಿಕೊಡು ಎಂದು ಕೇಳಿ. ಕೂಡಿದ ಮೊತ್ತವನ್ನು ಮಾತ್ರ ಮನೆಯಲ್ಲಿ ಯಾರಾದರೂ ಇನ್ನೊಮ್ಮೆ ಕೂಡಿ ನೋಡಲಿ. ಇಷ್ಟು ಜಾಣ ಯಂತ್ರ ಕೂಡುವ ಲೆಕ್ಕದಲ್ಲಿ ತಪ್ಪುವುದುಂಟು.

ಆ ಪಟ್ಟಿಯಿಂದ ಏನು ಗೊತ್ತಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ರಾತ್ರಿ ನಾಲ್ಕು ಸಲ ಏಳುವ ಇಬ್ಬರು ಹಿರಿಯರು ಇದ್ದಾರೆ ಎಂದುಕೊಳ್ಳಿ. ಒಬ್ಬರಿಗೆ ಪ್ರತಿ ಸಲವೂ ಐವತ್ತು, ಅರವತ್ತು ಎಂ.ಎಲ್. ಅಷ್ಟೆ. ಇನ್ನೊಬ್ಬರಿಗೆ ಪ್ರತಿ ಸಲ ಮುನ್ನೂರು. ಕೇಳಲು ಎರಡೂ ಒಂದೇ ತೊಂದರೆ, ಆದರೆ ಕಾರಣವೇ ಬೇರೆ. ಮೊದಲನೆಯವರಲ್ಲಿ ಮೂತ್ರಚೀಲ ಸ್ವಲ್ಪಕ್ಕೇ ಅವಸರ ಮಾಡುತ್ತಿರಬಹುದು, ಅಥವಾ ಪೂರ್ತಿ ಖಾಲಿಯಾಗದೆ ಉಳಿಯುತ್ತಿರಬಹುದು. ಎರಡನೆಯವರ ಮೂತ್ರಚೀಲ ಸರಿಯಾಗಿಯೇ ಇದೆ, ರಾತ್ರಿ ತಯಾರಾಗುವ ಮೂತ್ರವೇ ಹೆಚ್ಚು. ವಯಸ್ಸಾದವರಲ್ಲಿ ದಿನದ ಒಟ್ಟು ಮೂತ್ರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ಬಂದರೆ ಡಾಕ್ಟರುಗಳು ಕಾಲು ಊತ, ಹೃದಯ, ಸಕ್ಕರೆ, ಗೊರಕೆಯ ಕಾಯಿಲೆ, ನೀರಿಳಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ಹೊತ್ತು ಇವನ್ನೆಲ್ಲ ನೋಡುತ್ತಾರೆ. ಒಂದು ಜಗ್ಗು, ಮೂರು ದಿನದ ಲೆಕ್ಕ ಇಷ್ಟು ದೂರ ಕರೆದೊಯ್ಯುತ್ತದೆ. ಲೆಕ್ಕ ನೋಡಿ ನೀವೇ ಮಾತ್ರೆಯ ಹೊತ್ತು ಬದಲಿಸಬೇಡಿ, ಮತ್ತೆ!

ಎರಡನೆಯ ಉಪಯೋಗ ದುಭಾಷಿಯದ್ದು. ತಾಯಿ ತನ್ನ ಕನ್ನಡದಲ್ಲಿ ಫೋನಿಗೆ ಹೇಳಿದ್ದನ್ನು ಅರ್ಧ ಪುಟದ ಚೀಟಿಯಾಗಿ ಹಿಂದಿ, ಮರಾಠಿ, ತಮಿಳು, ತೆಲುಗು, ಇಂಗ್ಲಿಷ್ ಯಾವುದರಲ್ಲಿ ಬೇಕಾದರೂ ಮಾಡಿಸಬಹುದು. ಆಕೆ ಅದನ್ನು ಡಾಕ್ಟರ್ ಕೈಗೆ ಕೊಟ್ಟರೆ ಆಯಿತು. ಮಗ ಹೊರಗೆ ಬೆಂಚಿನ ಮೇಲೆ ಕೂತಿರಲಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ನಾವು ಈ ವಿಷಯವನ್ನು ಯಾವತ್ತೂ ಸುತ್ತಿ ಬಳಸಿ ಹೇಳುವವರು. "ರಾತ್ರಿ ನಾಲ್ಕು ಸಲ ಒಂದಕ್ಕೆ ಏಳ್ತೀನಿ" ಎಂದರೆ ನಮಗೆಲ್ಲ ಗೊತ್ತು, ಯಂತ್ರ ಅದನ್ನು ಒಂದು ಗಂಟೆಗೆ ಏಳುವುದು ಎಂದು ತಿಳಿದುಬಿಡಬಹುದು. ಉತ್ತರ ಕರ್ನಾಟಕದವರ ಕಾಲ್ಮಡಿ, ಹಳಬರ ಜಲಬಾಧೆ ಅದಕ್ಕೆ ಹೊಳೆಯದೇ ಇರಬಹುದು. ಫೋನಿನ ಹತ್ತಿರ ಮಾತ್ರ "ಮೂತ್ರ", "ಉಚ್ಚೆ" ಎಂದು ಬಾಯಿ ಬಿಟ್ಟೇ ಹೇಳಿ. ಚೀಟಿ ತಯಾರಾದ ಮೇಲೆ ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಓದಿ ಹೇಳು ಎಂದು ಕೇಳಿ. ನೀವು ಹೇಳಿದ್ದೇ ವಾಪಸ್ ಬಂದರೆ ಸರಿ.

ಈ ಎರಡು ಕೆಲಸಗಳಾಚೆ ಹೋದರೆ ನನಗೆ ಅನುಮಾನ ಹೆಚ್ಚು.

ಮೊದಲನೆಯದು, ಯಂತ್ರ ನೀವು ಎಳೆದ ದಾರಿಯಲ್ಲೇ ನಡೆಯುತ್ತದೆ. ನಮ್ಮ ಮನೆಗಳಲ್ಲಿ ಮೂತ್ರದ ಯಾವ ತೊಂದರೆಗೂ ಒಂದೇ ಹೆಸರು, "ಉಷ್ಣ". ಉರಿ ಬಂದರೆ ಉಷ್ಣ, ಹಳದಿಯಾದರೆ ಉಷ್ಣ, ಕೆಂಪಾದರೂ ಉಷ್ಣ. ನೀವು "ಉಷ್ಣಕ್ಕೆ ಏನು ಮಾಡಲಿ" ಎಂದು ಕೇಳಿದರೆ ಎಳನೀರು, ಬಾರ್ಲಿ ಗಂಜಿ, ಜೀರಿಗೆ ನೀರು ಎಂದು ಪಟ್ಟಿ ಕೊಡುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿತು, ಅದರ ತಪ್ಪೇನಿಲ್ಲ. ಆದರೆ ಕೆಂಪಾದದ್ದು ರಕ್ತವಾಗಿದ್ದರೆ? ನೋವಿಲ್ಲದೆ ಒಂದೇ ಒಂದು ಸಲ ಮೂತ್ರದಲ್ಲಿ ರಕ್ತ ಕಂಡರೂ ಅದು ಮೂತ್ರಚೀಲದ ಕ್ಯಾನ್ಸರಿನ ಸೂಚನೆ ಆಗಿರಬಹುದು. ಬೀಡಿ ಸಿಗರೇಟು ಸೇದಿದವರಲ್ಲಂತೂ ಹೆಚ್ಚು ಎಚ್ಚರ ಬೇಕು. ನೋವಿಲ್ಲ, ಮಾರನೆಯ ದಿನ ತಾನಾಗಿ ನಿಂತಿತು ಎಂದು ಬಿಟ್ಟವರೇ ತಡವಾಗಿ ಆಸ್ಪತ್ರೆಗೆ ಬರುವುದು. ಹಾಗಾಗಿ ಫೋನಿಗೆ ನಿಮ್ಮ ತೀರ್ಪು ಹೇಳಬೇಡಿ, ಕಂಡದ್ದನ್ನು ಮಾತ್ರ ಹೇಳಿ.

ಎರಡನೆಯದು, ಅದಕ್ಕೆ ಕೈ ಇಲ್ಲ. ಇದನ್ನು ನಾನು ವಾರ್ಡಿನ ಅನುಭವದಿಂದ ಹೇಳುತ್ತಿದ್ದೇನೆ. ಎಪ್ಪತ್ತರ ಅಜ್ಜ, ಪಂಚೆ ಯಾವಾಗಲೂ ಒದ್ದೆ, "ಇವರಿಗೆ ಸೋರುತ್ತೆ" ಎಂದು ಮನೆಯವರು ಕರೆತರುತ್ತಾರೆ. ಕಿಬ್ಬೊಟ್ಟೆಯ ಮೇಲೆ ಕೈ ಇಟ್ಟರೆ ಒಳಗೆ ಗಟ್ಟಿಯಾದ ಚೆಂಡು. ಪ್ರಾಸ್ಟೇಟ್ ದೊಡ್ಡದಾಗಿ ದಾರಿ ಮುಚ್ಚಿದೆ, ಮೂತ್ರಚೀಲ ತುಂಬಿ ತುಳುಕಿ ಹನಿ ಹನಿಯಾಗಿ ಹೊರಗೆ ಬರುತ್ತಿದೆ. ಅವರದ್ದು ಸೋರುವ ಕಾಯಿಲೆ ಅಲ್ಲ, ಕಟ್ಟಿಕೊಂಡ ಕಾಯಿಲೆ. ಬೇಕಾದದ್ದು ಕ್ಯಾತಿಟರ್. ಹಾಗೇ ಬಿಟ್ಟರೆ ಕಿಡ್ನಿಗೆ ಪೆಟ್ಟು. ಇದೇ ಅಜ್ಜನ ವಿಷಯವನ್ನು "ಸೋರುತ್ತೆ, ಏನು ಮಾಡಲಿ" ಎಂದು ಫೋನಿಗೆ ಕೇಳಿದರೆ ವ್ಯಾಯಾಮ ಮಾಡಿ, ಕಾಫಿ ಕಡಿಮೆ ಮಾಡಿ ಎಂದು ನಯವಾಗಿ ಹೇಳಬಹುದು. ನಯವಾಗಿ ಹೇಳುವುದೇ ಅದರ ಅಪಾಯ. ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಒಂದೇ ಧ್ವನಿಯಲ್ಲಿ ಹೇಳುತ್ತದೆ.

ಇನ್ನು ನೆಗಡಿ ಮಾತ್ರೆ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರು ಸಾಮಾನ್ಯ ನೆಗಡಿಯ ಕೆಲವು ಮಾತ್ರೆ ತಿಂದರೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಮೂಗು ಬಿಡಿಸುವ ಸೂಡೋಎಫೆಡ್ರಿನ್, ಸೋರುವ ಮೂಗು ನಿಲ್ಲಿಸುವ ಕ್ಲೋರ್‌ಫೆನಿರಮಿನ್ ಇಂಥವು. "ಅಪ್ಪನಿಗೆ ನೆಗಡಿ, ಯಾವ ಮಾತ್ರೆ" ಎಂದು ಕೇಳುವಾಗ ಪ್ರಾಸ್ಟೇಟ್ ವಿಷಯವನ್ನು ಯಾರು ಜೊತೆಗೆ ಹೇಳುತ್ತಾರೆ? ಹೇಳದಿದ್ದರೆ ಯಂತ್ರಕ್ಕೆ ತಿಳಿಯುವುದಿಲ್ಲ. ಅದೇ ರೀತಿ ಅವಸರದ ಮೂತ್ರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಥರದ ಮಾತ್ರೆಗಳು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ವಯಸ್ಸಾದವರಲ್ಲಿ ಮರೆವು, ಗೊಂದಲ ಉಂಟುಮಾಡಬಹುದು. ಚಾಟಿನಲ್ಲಿ ಹೆಸರು ಓದಿ ಮೆಡಿಕಲ್ಲಿನಲ್ಲಿ ಕೇಳಿ ತರುವ ಮಾತ್ರೆಗಳಲ್ಲ ಇವು. ಲ್ಯಾಬ್ ರಿಪೋರ್ಟಿನ ಫೋಟೊ ಹಾಕಿ "ಪಸ್ ಸೆಲ್ 8-10 ಇದೆ, ಯಾವ ಆ್ಯಂಟಿಬಯಾಟಿಕ್" ಎಂದು ಕೇಳುವವರಿಗೂ ಇದೇ ಮಾತು. ಉರಿ, ಜ್ವರ, ನೋವು ಏನೂ ಇಲ್ಲದ ವಯಸ್ಸಾದ ಹೆಂಗಸರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೂ ಸಾಮಾನ್ಯವಾಗಿ ಔಷಧ ಕೊಡುವುದಿಲ್ಲ.

ನಮ್ಮ ದೇಶದ ನಿಯಮವೂ ಇದನ್ನೇ ಹೇಳುತ್ತದೆ. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳು ರೋಗಿಗೆ ತಾವೇ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ. ಅದು ನೋಂದಾಯಿತ ವೈದ್ಯರ ಕೆಲಸ, ಯಂತ್ರ ಅವರಿಗೆ ನೆರವಾಗಬಹುದು ಅಷ್ಟೆ. ನಿಯಮ ಕಾಗದದಲ್ಲಿದೆ, ಚಾಟ್ ಎಲ್ಲರ ಜೇಬಿನಲ್ಲಿದೆ.

ವ್ಯಾಯಾಮದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಂಗಸರ ಸೋರುವ ತೊಂದರೆಗೆ ಅದೇ ಮೊದಲ ಚಿಕಿತ್ಸೆ. ಆರ್ನಾಲ್ಡ್ ಕೆಗಲ್ ಎಂಬ ಅಮೆರಿಕದ ಸ್ತ್ರೀರೋಗ ತಜ್ಞರು 1948ರಲ್ಲಿ ಇದರ ಬಗ್ಗೆ ಬರೆದರು, ಅದಕ್ಕೇ ಕೆಗಲ್ ವ್ಯಾಯಾಮ ಎಂಬ ಹೆಸರು. ನಾಲ್ಕು ಜನರ ಮಧ್ಯೆ ಕೂತಾಗ ಗಾಳಿ ಹೋಗದಂತೆ ಬಿಗಿಹಿಡಿಯುತ್ತೇವಲ್ಲ, ಆ ಸ್ನಾಯುವನ್ನು ಒಳಕ್ಕೆ, ಮೇಲಕ್ಕೆ ಎಳೆದು ಹಿಡಿದು ಪೂರ್ತಿ ಸಡಿಲ ಬಿಡುವುದು. ಬ್ರಿಟನ್ನಿನ ನೈಸ್ ಮಾರ್ಗಸೂಚಿಯ ಪ್ರಕಾರ ಒಂದು ಸರದಿಗೆ ಕನಿಷ್ಠ 8 ಸಲ, ದಿನಕ್ಕೆ 3 ಸರದಿ, ಕನಿಷ್ಠ 3 ತಿಂಗಳು, ಅದೂ ತಿಳಿದವರು ನೋಡಿ ಹೇಳಿಕೊಟ್ಟ ಮೇಲೆ. ಬಹಳ ಜನ ಉಸಿರು ಕಟ್ಟಿ, ಹೊಟ್ಟೆ ಬಿಗಿದು, ಕೆಳಕ್ಕೆ ಮುಕ್ಕುತ್ತಾರೆ. ಅದರಿಂದ ತೊಂದರೆ ಹೆಚ್ಚೇ ಆಗುತ್ತದೆ. ಫೋನು ಮಾತಿನಲ್ಲಿ ವಿವರಿಸುತ್ತದೆ, ನೀವು ಸರಿಯಾಗಿ ಮಾಡುತ್ತಿದ್ದೀರೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಒಂದು ಸಲ ಸ್ತ್ರೀರೋಗ ತಜ್ಞರ ಹತ್ತಿರ ಅಥವಾ ಈ ಕೆಲಸ ತಿಳಿದ ಫಿಸಿಯೊಥೆರಪಿಸ್ಟ್ ಹತ್ತಿರ ಹೋಗಿ ಕಲಿತು ಬನ್ನಿ. ಆಮೇಲೆ ದಿನದ ಲೆಕ್ಕ, ಬೇಸರ ಬಂದಾಗ ಎರಡು ಮಾತು, ಇವಕ್ಕೆ ಚಾಟ್ ಇರಲಿ. ನೆನಪಿಸಲು ಫೋನಿನ ಅಲಾರಂ ಸಾಕು. ತಡೆಯಲಾಗದ ಅವಸರ ಇರುವವರು ಬಾತ್‌ರೂಮಿಗೆ ಹೋಗುವ ಅಂತರವನ್ನು ಹದಿನೈದು ಹದಿನೈದು ನಿಮಿಷ ಹೆಚ್ಚಿಸುತ್ತಾ ಹೋಗುವ ಅಭ್ಯಾಸಕ್ಕೂ ಹೀಗೇ. ಅದಕ್ಕೆ ಕನಿಷ್ಠ 6 ವಾರ ಕೊಡಿ.

ತೂಕ ಹೆಚ್ಚಿರುವವರಿಗೆ ಒಂದು ಒಳ್ಳೆಯ ಸುದ್ದಿ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರು ತಿಂಗಳಲ್ಲಿ ಸರಾಸರಿ 8 ಶೇಕಡಾ ತೂಕ ಇಳಿಸಿದ ಹೆಂಗಸರಲ್ಲಿ ಸೋರುವ ಪ್ರಸಂಗಗಳು 47 ಶೇಕಡಾ ಕಡಿಮೆಯಾದವು. ಬರೀ ತಿಳಿವಳಿಕೆ ಪಡೆದ ಗುಂಪಿನಲ್ಲಿ ಕಡಿಮೆಯಾದದ್ದು 28 ಶೇಕಡಾ.

ಫೋನಿನ ಸಲಹೆ ನಮ್ಮ ಬದುಕಿಗೆ ಹೊಂದದೆಯೂ ಇರಬಹುದು. "ಮೂರು ಗಂಟೆಗೊಮ್ಮೆ ಶೌಚಾಲಯಕ್ಕೆ ಹೋಗಿ" ಎನ್ನುತ್ತದೆ. ಕಲ್ಯಾಣದಿಂದ ಸಿ.ಎಸ್.ಎಂ.ಟಿ.ಗೆ ಲೋಕಲ್‌ನಲ್ಲಿ ಹೋಗುವ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಲೋಕಲ್ ರೈಲಿನಲ್ಲಿ ಶೌಚಾಲಯವೇ ಇಲ್ಲ. ಮುಂಬಯಿಯ ಹೆಂಗಸರು 2011ರಲ್ಲಿ ರೈಟ್ ಟು ಪೀ ಎಂದು ಚಳವಳಿ ಮಾಡಿ, ಶುಚಿಯಾದ ಉಚಿತ ಮೂತ್ರಾಲಯ ಕೇಳಬೇಕಾಯಿತು. ನಮ್ಮ ಹೆಂಗಸರು ಕಂಡುಕೊಂಡ ದಾರಿ ನೀರು ಕುಡಿಯದೇ ಇರುವುದು. ಅದರಿಂದ ಮೂತ್ರ ಗಟ್ಟಿಯಾಗಿ ಉರಿ, ಸೋಂಕು. ಇನ್ನೊಂದು ಕಡೆ, ಇದೇ ವಾಟ್ಸಾಪಿನಲ್ಲಿ ಬೆಳಿಗ್ಗೆ ಎದ್ದು ಒಂದೂವರೆ ಲೀಟರ್ ನೀರು ಕುಡಿಯಿರಿ ಎಂಬ ಸಂದೇಶ ನೋಡಿ ಕುಡಿದು, ಅರ್ಧ ಗಂಟೆಗೊಮ್ಮೆ ಓಡುವವರು. ಎರಡೂ ಬೇಡ. ದಿನವಿಡೀ ಹಂಚಿ ಕುಡಿಯಿರಿ, ಮಲಗುವ ಮುಂಚಿನ ಒಂದೆರಡು ಗಂಟೆ ಕಡಿಮೆ ಮಾಡಿ. ಹೃದಯ, ಕಿಡ್ನಿ ತೊಂದರೆ ಇರುವವರು ಡಾಕ್ಟರ್ ಹೇಳಿದಷ್ಟೇ ಕುಡಿಯಿರಿ.

ನನ್ನ ದೊಡ್ಡ ಭಯ ಬೇರೆಯೇ ಇದೆ. ಫೋನಿಗೆ ಹೇಳಿಕೊಂಡೆ, ಮನಸ್ಸು ಹಗುರವಾಯಿತು ಎಂದು ಡಾಕ್ಟರ್ ಹತ್ತಿರ ಹೋಗುವುದೇ ನಿಂತುಹೋದರೆ? ಆಗ ನಾಚಿಕೆ ಬಾತ್‌ರೂಮಿನಿಂದ ಫೋನಿಗೆ ವರ್ಗವಾದ ಹಾಗಾಯಿತು. ಅದಕ್ಕೆ ಗಡುವು ಹಾಕಿಕೊಳ್ಳಿ. ಲೆಕ್ಕ ಮೂರು ದಿನ, ಅದಾದ ವಾರದೊಳಗೆ ಡಾಕ್ಟರ್. ಕೆಲವಕ್ಕೆ ಆ ಮೂರು ದಿನವೂ ಬೇಡ. ಮೂತ್ರದಲ್ಲಿ ರಕ್ತ ಕಂಡರೆ ಬೇಗನೆ ತೋರಿಸಿ. ಹೊಟ್ಟೆ ಬಿಗಿದು ನೋವು, ಮೂತ್ರ ಹೊರಗೆ ಬರುತ್ತಲೇ ಇಲ್ಲ. ಚಳಿಜ್ವರದ ಜೊತೆ ಪಕ್ಕೆ ನೋವು. ಸೊಂಟನೋವಿನ ಜೊತೆ ಕಾಲಿನ ಶಕ್ತಿ ಕುಂದಿ, ತೊಡೆಸಂದಿ ಜೋಮು ಹಿಡಿದು ಮೂತ್ರದ ಹಿಡಿತ ತಪ್ಪಿತು. ಇಂಥವಕ್ಕೆ ಚಾಟ್ ತೆರೆಯದೆ ನೇರ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ.

ಗುಟ್ಟಿನ ವಿಷಯ ಮಕ್ಕಳಿಗೆ ಹೇಳಬೇಕು. ಅಮ್ಮನ ಫೋನು ತೆಗೆದು ಅವರ ಚಾಟ್ ಓದಬೇಡಿ. ಹೇಗೆ ಬಳಸುವುದೆಂದು ಮಗಳೋ ಸೊಸೆಯೋ ಒಂದು ಸಲ ತೋರಿಸಿ ಎದ್ದುಹೋಗಲಿ, ಹನ್ನೆರಡು ವರ್ಷದ ಮೊಮ್ಮಗನ ಕೈಗೆ ಈ ಕೆಲಸ ಬೇಡ. ಚಾಟಿನಲ್ಲಿ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಹೆಸರಿರುವ ರಿಪೋರ್ಟು ಹಾಕಬೇಡಿ. ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಕಾಗದಕ್ಕೆ ಬರೆದುಕೊಂಡು ಚಾಟ್ ಅಳಿಸಿಬಿಡಿ.

ನಮ್ಮ ಕನ್ನಡ ಸಂಘಗಳ ಮಹಿಳಾ ವಿಭಾಗದವರಲ್ಲಿ ಒಂದು ಕೋರಿಕೆ. ವರ್ಷಕ್ಕೊಮ್ಮೆ ಅರಿಶಿನ ಕುಂಕುಮಕ್ಕೆ ಎಲ್ಲರೂ ಸೇರುತ್ತೀರಿ. ಆ ಮಧ್ಯಾಹ್ನ ಗಂಡಸರಿಲ್ಲದ ಕೋಣೆಯಲ್ಲಿ ಒಂದು ಗಂಟೆ ಇಟ್ಟುಕೊಳ್ಳಿ. ಕನ್ನಡ ಬಲ್ಲ ಒಬ್ಬ ಲೇಡಿ ಡಾಕ್ಟರನ್ನೋ ನರ್ಸನ್ನೋ ಕರೆಸಿ. ಫೋನು ಬಳಸಲು ಬಾರದವರಿಗೆ ಬಂದವರು ಪಕ್ಕದಲ್ಲಿ ಕೂತು ತೋರಿಸಲಿ. ಸ್ಟೀಲ್ ಡಬ್ಬಿಯ ಬದಲು ಅಳತೆ ಗೆರೆಯ ಒಂದೊಂದು ಜಗ್ಗು ಉಡುಗೊರೆ ಕೊಟ್ಟರೂ ಆದೀತು, ನಗೆಯಾಡುವವರು ನಗಲಿ.

ಇಂದೇ ಶುರು ಮಾಡುವವರು ಕೆಳಗಿನದ್ದನ್ನು ಕಾಪಿ ಮಾಡಿ ನಿಮ್ಮ ಚಾಟಿನಲ್ಲಿ ಹಾಕಿ. ಯಂತ್ರಕ್ಕೆ "ನೀನು" ಎಂದರೆ ಬೇಸರವಿಲ್ಲ.

"ನನ್ನ ವಯಸ್ಸು ___, ಹೆಣ್ಣು / ಗಂಡು. ನನಗೆ ಮೂತ್ರದ ತೊಂದರೆ ಇದೆ. ಡಾಕ್ಟರಿಗೆ ತೋರಿಸಲು ಮೂರು ದಿನದ ಲೆಕ್ಕ ಇಡಬೇಕು. ಪ್ರತಿ ಸಲ ನಾನು ಸಮಯ, ಎಷ್ಟು ಎಂ.ಎಲ್., ಏನು ಕುಡಿದೆ, ಸೋರಿತೋ ಇಲ್ಲವೋ ಹೇಳುತ್ತೇನೆ. ನೀನು ಬರೆದುಕೊಳ್ಳುತ್ತಾ ಹೋಗು. ನಾನು ಹೇಳದ್ದನ್ನು ಸೇರಿಸಬೇಡ. ಕಾಯಿಲೆಯ ಹೆಸರು ಹೇಳಬೇಡ, ಮಾತ್ರೆ ಹೇಳಬೇಡ. ರಕ್ತ, ಚಳಿಜ್ವರ, ಮೂತ್ರ ಕಟ್ಟುವುದು ಎಂದು ನಾನು ಹೇಳಿದರೆ ಲೆಕ್ಕ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗು ಎಂದು ಹೇಳು. ಮೂರನೆಯ ದಿನ ರಾತ್ರಿ ಹಗಲಿನದ್ದು, ರಾತ್ರಿಯದ್ದು ಬೇರೆ ಬೇರೆ ಕೂಡಿ ಪಟ್ಟಿ ಮಾಡಿ, ಕನ್ನಡದಲ್ಲಿ ಒಂದು, ___ ಭಾಷೆಯಲ್ಲಿ ಒಂದು ಕೊಡು."

ಮುಂದಿನ ವಾರ: ಮಲಬದ್ಧತೆ. ಅದಕ್ಕೂ ಇದಕ್ಕೂ ನಂಟಿದೆ.